ಪ್ರಾಗ್ ನೋಡಿ ಬಂದವಳು

ಮೈದುನ ರಮೇಶ್‌ಬಾಬು ಪ್ರಾಗ್ ಪಟ್ಟಣದ ದೊಡ್ಡ ಗಡಿಯಾರದ ಮುಂದೆ ಎರಡು ಬೆರಳೆತ್ತಿ ನಿಂತ ಫೋಟೊ ಸಾದಲಿ ಹಳ್ಳಿಗೆ ಬಂದು ಮುಟ್ಟಿದ್ದು ರೇಷ್ಮೆಹುಳುವಿಗೆ ಸೊಪ್ಪು ಹಾಕುವ ಹೊತ್ತಿಗೆ. ಪವಿತ್ರ ಹುಳುಮನೆಯ ಬಾಗಿಲಲ್ಲಿ ನಿಂತು, ಒಂದು ಕಂಕುಳಲ್ಲಿ ಹಿಪ್ಪುನೇರಳೆಯ ಕಂತೆ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಅದನ್ನು ನೋಡಿದಳು. ನೋಡಿದಳು ಅನ್ನುವುದಕ್ಕಿಂತ ಕಣ್ಣಲ್ಲೇ ಸುಟ್ಟಳು ಎಂದರೆ ಸರಿ. ಮನೆಯವರ ಗುಂಪಿಗೆ ‘ಸೂಪರ್ ಬಾಬು’ ಎಂದು ಬರೆದು, ಕೈ ಜೋಡಿಸಿದ ಚಿತ್ರವೊಂದನ್ನು ಹಾಕಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಅವಳು ಹುಳುಗಳಿಗೆ ಸೊಪ್ಪು ಎಸೆದ ರೀತಿ ನೋಡಿದ್ದರೆ, ಪಾಪ, ಅವು ಏನು ತಪ್ಪು ಮಾಡಿದ್ದವೋ ಅನ್ನಿಸುತ್ತಿತ್ತು.

ಹೊಟ್ಟೆಕಿಚ್ಚನ್ನು ಒಪ್ಪಿಕೊಳ್ಳಲು ಯಾರಿಗೂ ಬಾಯಿ ಬರುವುದಿಲ್ಲ. ನನಗೇನಪ್ಪ, ಅವರು ಚೆನ್ನಾಗಿದ್ದರೆ ಸಾಕು ಎನ್ನುತ್ತೇವೆ. ಪವಿತ್ರಳೂ ನಾಲ್ಕು ಜನರ ಮುಂದೆ ಹಾಗೆಯೇ ಅನ್ನುತ್ತಿದ್ದಳು. ಆದರೆ ತನಗೆ ತಾನೇ ಸುಳ್ಳು ಹೇಳಿಕೊಳ್ಳುವ ಹೆಂಗಸಲ್ಲ. ತನ್ನ ಹೊಟ್ಟೆ ಉರಿಯುತ್ತಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಉರಿಯುವುದರಲ್ಲಿ ನ್ಯಾಯವಿದೆ ಎಂಬುದೂ ಗೊತ್ತಿತ್ತು. ಆ ನ್ಯಾಯ ಅವಳ ಬೀರುವಿನಲ್ಲಿ, ಮದುವೆ ಸೀರೆಯ ಕೆಳಗೆ, ಒಂದು ಪಾಸ್‌ಪೋರ್ಟಿನ ರೂಪದಲ್ಲಿ ಮಲಗಿತ್ತು.

ರಮೇಶ್‌ಬಾಬು ಅವಳ ಗಂಡ ರಾಮಾಂಜಿನಪ್ಪನ ತಮ್ಮ. ಚಿಂತಾಮಣಿಯಲ್ಲಿ ಬೀಜ, ಗೊಬ್ಬರ, ಔಷಧಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಹೋದ ವರ್ಷ ಒಂದು ಬೀಜದ ಕಂಪನಿಯವರು, ತಮ್ಮ ಹೊಸ ಟೊಮೆಟೊ ಬೀಜವನ್ನು ಇಂತಿಷ್ಟು ಮಾರಿದ ಅಂಗಡಿಗೆ ಇಬ್ಬರ ಯುರೋಪು ಪ್ರವಾಸ ಎಂದು ಸಾರಿದರು. ಬಾಬು ನೆಟ್ಟಗೆ ಅಣ್ಣನ ಮನೆಗೆ ಬಂದ. ಪವಿತ್ರ ಸಾದಲಿಯ ಹೆಂಗಸರ ಸಂಘದ ಮುಖ್ಯಸ್ಥೆ. ಅವಳು ಹೇಳಿದರೆ ಸುತ್ತಲಿನ ನಾಲ್ಕೈದು ಹಳ್ಳಿಯ ಹೆಂಗಸರು ಕೇಳುತ್ತಾರೆ.

“ಅತ್ತಿಗೆ, ಈ ಟಾರ್ಗೆಟ್ ಒಂದು ಮುಟ್ಟಿಸಿಕೊಡಿ,” ಎಂದಿದ್ದ ಅವನು, ಜಗಲಿಯಲ್ಲಿ ಎಲ್ಲರೆದುರಿಗೆ. “ನಂಗಂತೂ ಅಂಗಡಿ ಬಿಟ್ಟು ಬರಕ್ಕಾಗಲ್ಲ. ಪ್ರಾಗ್ ಅಂತ ಊರಂತೆ, ರಾಜಧಾನಿ. ನೀವೂ ಅಣ್ಣನೂ ಹೋಗಿ ಬರೀವ್ರಂತೆ.”

ಅವನು ಅದನ್ನು ಬೆಣ್ಣೆ ಹಚ್ಚಲು ಹೇಳಿದ್ದ. ಪವಿತ್ರ ಅದನ್ನು ಮಾತು ಎಂದುಕೊಂಡಳು. ದಿಬ್ಬೂರಹಳ್ಳಿಯವರೆಗೂ ಬಸ್ಸಿನಲ್ಲಿ ಓಡಾಡಿ, ಹೆಂಗಸರ ಮನೆಮನೆಗೆ ಹೋಗಿ, ಆ ಬೀಜವನ್ನು ಹೊಗಳಿ ಹೊಗಳಿ ಗಂಟಲು ಕಟ್ಟಿಸಿಕೊಂಡಳು. ಅವಳ ಅದೃಷ್ಟಕ್ಕೆ ಬೆಳೆಯೂ ಚೆನ್ನಾಗಿ ಬಂತು. ಅಷ್ಟರಲ್ಲಿ ಅವಳು ಪಾಸ್‌ಪೋರ್ಟಿಗೂ ಹಾಕಿದ್ದಳು. ವಿಚಾರಣೆಗೆಂದು ಪೊಲೀಸು ಮನೆಗೆ ಬಂದಾಗ ಇಡೀ ಬೀದಿ ಬಾಗಿಲಿಗೆ ಬಂದು ನಿಂತಿತ್ತು. “ಯಾವತ್ತು ಹೊರಡ್ತೀಯ ಪವಿತ್ರಮ್ಮ?” ಎಂದು ಹಾಲಿನ ಡೇರಿಯಲ್ಲಿ, ನಲ್ಲಿಯ ಹತ್ತಿರ, ಎಲ್ಲಿ ಕಂಡರಲ್ಲಿ ಜನ ಕೇಳುವಂತಾಯಿತು.

ಟಾರ್ಗೆಟ್ ಮುಟ್ಟಿದ ಮೇಲೆ ಬಾಬು ಮತ್ತೆ ಬಂದ, ಈ ಸಲ ಸ್ವೀಟಿನ ಡಬ್ಬ ಹಿಡಿದುಕೊಂಡು. “ಅತ್ತಿಗೆ, ಕಂಪನಿಯೋರು ಅಂಗಡಿಯವನು, ಅವನ ಹೆಂಡ್ತಿ, ಇಷ್ಟೇ ಅಂತ ರೂಲ್ ಮಾಡವ್ರೆ. ನಂದೇನೂ ನಡೆಯಲ್ಲ. ನೀವೂ ಹುಳು ಬೇರೆ ಇಟ್ಟಿದೀರಲ್ಲ, ಅದನ್ನ ಬಿಟ್ಟು ಹೆಂಗೆ ಬರ್ತೀರ?”

ಅತ್ತೆ ಚಿಕ್ಕವೆಂಕಟಮ್ಮ ಸೊಸೆಯ ಮುಖ ನೋಡಿ “ಪೋನೀಲೇಮ್ಮ” ಎಂದು ತೆಲುಗಿನಲ್ಲೇ ಸಮಾಧಾನ ಹೇಳಿದಳು, ಹೋಗಲಿ ಬಿಡು ಎಂದು. ರಾಮಾಂಜಿನಪ್ಪನಿಗಂತೂ ವಿಮಾನ ಹತ್ತುವುದು ತಪ್ಪಿದ್ದೇ ದೊಡ್ಡ ನೆಮ್ಮದಿಯಾಯಿತು. ಪವಿತ್ರ ನಕ್ಕು, ಸ್ವೀಟು ತಿಂದು, ಪಾಸ್‌ಪೋರ್ಟನ್ನು ಸೀರೆಯ ಕೆಳಗೆ ಇಟ್ಟಳು. ಬಾಬುವಿನ ಹೆಂಡತಿ ಮೌನಿಕಾ, ಅವಳಿಗಿಂತ ಹತ್ತು ವರ್ಷ ಚಿಕ್ಕವಳು, ಈ ಮನೆ ಸೇರಿ ಎಂಟು ವರ್ಷವಾದರೂ ಟೊಮೆಟೊ ಸಸಿ ಯಾವುದು ಬದನೆ ಸಸಿ ಯಾವುದು ಎಂದು ಹೇಳಲು ತಡವರಿಸುವವಳು, ಬೆಂಗಳೂರಿಗೆ ಹೋಗಿ ಸ್ವೆಟರ್ ಕೊಂಡು ತಂದಳು. ಕಡುಗೆಂಪು ಬಣ್ಣದ್ದು.

ಅವರು ವಿಮಾನ ಹತ್ತಿದ ದಿನದಿಂದ ಪವಿತ್ರ ಒಂದು ಕೆಲಸಕ್ಕೆ ಕೈಹಾಕಿದಳು. ಹುಳುವಿಗೆ ಸೊಪ್ಪು ಹಾಕಿ, ಮಧ್ಯಾಹ್ನ ಎಲ್ಲರೂ ಅಡ್ಡಾದಾಗ, ಕಣಜದ ಪಕ್ಕ ಕುಳಿತು ಫೋನಿನಲ್ಲಿ ಪ್ರಾಗ್ ಪಟ್ಟಣದ ವಿಡಿಯೊ ನೋಡತೊಡಗಿದಳು. ಕನ್ನಡದಲ್ಲಿ ಸಿಕ್ಕಿದ್ದು ಮೂರು. ತೆಲುಗಿನಲ್ಲಿ ಬೇಕಾದಷ್ಟಿದ್ದವು. ಬೇಲೂರು ಕಡೆಯ ಹುಡುಗಿಯೊಬ್ಬಳು ಸೇತುವೆಯ ಮೇಲೆ ನಡೆಯುತ್ತ ಮಾತಾಡುತ್ತಿದ್ದಳು. ಹೈದರಾಬಾದಿನ ಗಂಡಹೆಂಡತಿ ಕೋಟೆಯ ಮೆಟ್ಟಿಲ ಮೇಲೆ ಜಗಳವಾಡುತ್ತಿದ್ದರು. ವಲ್ತಾವ ಎಂಬ ಹೊಳೆ ಊರನ್ನು ಹೇಗೆ ಬಳಸಿ ಹೋಗುತ್ತದೆ, ಹಳೇ ಚೌಕದಿಂದ ಸೇತುವೆಗೆ ಯಾವ ಸಂದಿಯಲ್ಲಿ ತಿರುಗಬೇಕು, ಸೇತುವೆಯ ಮೇಲೆ ಎಷ್ಟು ವಿಗ್ರಹ, ಯಾವ ವಿಗ್ರಹದ ಕಂಚಿನ ಫಲಕವನ್ನು ಜನ ಮುಟ್ಟಿ ಮುಟ್ಟಿ ಮಿರುಗಿಸಿದ್ದಾರೆ, ಎಲ್ಲ ಬಾಯಿಪಾಠವಾಯಿತು. ಹತ್ತು ದಿನದಲ್ಲಿ ಅವಳಿಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿಗಿಂತ ಪ್ರಾಗ್ ಚೆನ್ನಾಗಿ ಗೊತ್ತಿತ್ತು.

ಇದೆಲ್ಲ ತಿಳಿವಳಿಕೆಯ ಆಸೆಗೆ ಎಂದುಕೊಳ್ಳಬೇಡಿ. ಮೌನಿಕಾ ಬಂದು ಸಂಘದ ಹೆಂಗಸರ ಮುಂದೆ ಫೋಟೊ ತೋರಿಸಿಯೇ ತೋರಿಸುತ್ತಾಳೆ. ಆಗ ಒಂದೊಂದೇ ಪ್ರಶ್ನೆ ಕೇಳಬೇಕು, ಅವಳು ಬಾಯಿ ಬಿಡಬೇಕು, ಆ ಊರನ್ನು ನೋಡುವ ಯೋಗ್ಯತೆ ಯಾರಿಗಿತ್ತು, ಹೋದವರು ಯಾರು ಎಂಬುದು ಆ ಹತ್ತು ಹದಿನೈದು ಜನರಿಗೆ ಕಣ್ಣಾರೆ ಕಾಣಬೇಕು. ಪವಿತ್ರಳಿಗೆ ಬೇಕಾಗಿದ್ದು ಅಷ್ಟೇ. ಕಳೆದುಹೋದ ಮರ್ಯಾದೆ ಅಲ್ಲೇ ವಾಪಸು ಸಿಗಬೇಕಿತ್ತು.

ಹುಳು ಹಣ್ಣಾದ ದಿನ ಆ ಅವಕಾಶ ಒದಗಿತು. ಹುಳುಗಳು ಸೊಪ್ಪು ಬಿಟ್ಟು, ಮೈ ಬೆಳ್ಳಗೆ ಮಿನುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುವ ದಿನ ಮನೆಯವರ ಕೈ ಸಾಲುವುದಿಲ್ಲ. ನೆರೆಹೊರೆಯವರೆಲ್ಲ ಬಂದು ಆಯ್ದು, ಗೂಡು ಕಟ್ಟುವ ಬಿದಿರಿನ ತಟ್ಟಿ ಚಂದ್ರಿಕೆಗೆ ಬಿಡಬೇಕು. ಬೆಳಗ್ಗೆಯೇ ಗಂಗುಲಮ್ಮ, ಜ್ಯೋತಿಲಕ್ಷ್ಮಿ, ಇನ್ನೊಂದು ಹತ್ತು ಹೆಂಗಸರು ಬಂದು ಕೂತಿದ್ದರು. ಹನ್ನೊಂದರ ಹೊತ್ತಿಗೆ ಬಾಬು ಹೆಂಡತಿಯನ್ನು ಕಾರಿನಲ್ಲಿ ತಂದು ಇಳಿಸಿ, ಅಂಗಡಿಗೆ ಹೊತ್ತಾಯಿತೆಂದು ಹಾಗೆಯೇ ತಿರುಗಿಹೋದ. ಮೌನಿಕಾಳ ಕೈಯಲ್ಲಿ ಚಾಕೊಲೇಟಿನ ಚೀಲ. ಅವಳು ಅಂಗಳ ದಾಟುವ ಮೊದಲೇ ಅವಳ ಸೆಂಟಿನ ವಾಸನೆ ಹುಳುಮನೆಯ ಬಾಗಿಲಿಗೆ ಬಂತು.

“ಅಲ್ಲೇ ನಿಂತ್ಕೊ ಮೌನಿಕಮ್ಮ,” ಎಂದಳು ಪವಿತ್ರ. “ಸೆಂಟು ಹಾಕ್ಕೊಂಡು ಹುಳು ಹತ್ರ ಬರಬಾರದು. ಎಂಟು ವರ್ಷದಿಂದ ಹೇಳ್ತಾನೇ ಇದೀನಿ.”

“ಮರೆತೋಯ್ತು ಅಕ್ಕ,” ಎಂದು ಮೌನಿಕಾ ಹಿಂದಕ್ಕೆ ಸರಿದಳು.

ಹೆಂಗಸರೆಲ್ಲ ಒಳಗೆ ಕೆಲಸ ಮಾಡಿದರು. ಯುರೋಪು ನೋಡಿ ಬಂದವಳು ಹೊರಗೆ ಜಗಲಿಯಲ್ಲಿ ಅತ್ತೆಯ ಜೊತೆ ಅವರೆಕಾಯಿ ಸುಲಿದಳು. ಪವಿತ್ರಳಿಗೆ ಅದು ಮೊದಲ ತುತ್ತಿನಷ್ಟು ರುಚಿಯಾಯಿತು.

ಊಟವಾದ ಮೇಲೆ ಎಲ್ಲರೂ ನಡುಮನೆಯಲ್ಲಿ ಟೀವಿಯ ಮುಂದೆ ಕೂತರು. ಮೌನಿಕಾ ಫೋನನ್ನು ಟೀವಿಗೆ ಜೋಡಿಸಿದಳು. ಒಂದೊಂದೇ ಫೋಟೊ ಬಂತು. ಗಡಿಯಾರದ ಮುಂದೆ ಬಾಬು. ಸೇತುವೆಯ ಮೇಲೆ ಬಾಬು. ಕೋಟೆಯ ಬಾಗಿಲಲ್ಲಿ ಕಾವಲುಗಾರನ ಪಕ್ಕ ಬಾಬು, ಕಾವಲುಗಾರನಿಗಿಂತ ಬಿಗಿಯಾಗಿ.

“ನೀನೆಲ್ಲಮ್ಮ?” ಎಂದಳು ಜ್ಯೋತಿಲಕ್ಷ್ಮಿ.

“ಫೋಟೊ ತೆಗೆದಿದ್ದೇ ನಾನಲ್ವಾ,” ಎಂದು ಮೌನಿಕಾ ನಕ್ಕಳು.

ಪವಿತ್ರ ಗಂಟಲು ಸರಿಮಾಡಿಕೊಂಡಳು. “ಆ ಗಡಿಯಾರದಲ್ಲಿ ಗಂಟೆಗೊಂದು ಸಲ ಗೊಂಬೆಗಳು ಬರ್ತಾವಂತಲ್ಲ. ಎಲ್ಲಾ ಬಂದು ಹೋದ ಮೇಲೆ, ಕೊನೇಲಿ ಏನೋ ಕೂಗುತ್ತಂತೆ. ಏನದು?”

ಮೌನಿಕಾ ಟೀವಿಯ ಕಡೆ ನೋಡಿದಳು, ಅಲ್ಲಿ ಉತ್ತರ ಇರುವಂತೆ. “ಕೂಗೋದಾ... ಗಂಟೆ ಹೊಡೆಯುತ್ತೆ ಅಕ್ಕ. ದೊಡ್ಡದಾಗಿ.”

“ಗಂಟೆ ಹೊಡೆಯೋದು ಅಸ್ಥಿಪಂಜರ. ಕೂಗೋದು ಚಿನ್ನದ ಬಣ್ಣದ ಹುಂಜ,” ಎಂದಳು ಪವಿತ್ರ ಮೆತ್ತಗೆ. “ಅದನ್ನ ನೋಡಕ್ಕೇ ಜನ ಕಾದಿರ್ತಾರೆ. ನೀನು ನೋಡ್ಲಿಲ್ವಾ?”

“ಜನ ಜಾಸ್ತಿ ಇದ್ರು ಅಕ್ಕ.”

ಹೆಂಗಸರು ನಕ್ಕರು. ಆ ನಗು ಪವಿತ್ರಳ ಎದೆಗೆ ತಂಪಾಯಿತು. ಹೊರಡುವ ದಿನ ಯಾವುದೆಂದು ಕೇಳಿ ಕೇಳಿ ಸುಟ್ಟಿದ್ದವರೇ ಈಗ ನಗುತ್ತಿದ್ದರು, ಆದರೆ ಬೇರೆಯವಳನ್ನು ನೋಡಿ. ಅವಳು ಎರಡನೆಯದನ್ನು ಕೇಳಿದಳು. ಸೇತುವೆಯ ಮೇಲಿನ ವಿಗ್ರಹ ಎಷ್ಟು? ಮೌನಿಕಾ “ಹತ್ತು ಇರಬೇಕು” ಎಂದಳು. ಮೂವತ್ತು ಎಂದಳು ಪವಿತ್ರ. ಕೋಟೆಯ ಒಳಗಿನ ದೊಡ್ಡ ಚರ್ಚಿನ ಕಿಟಕಿಗಳು ಹೇಗಿದ್ದವು? “ಚೆನ್ನಾಗಿದ್ದವು ಅಕ್ಕ.” ಮೌನಿಕಾ ಫೋನಿನ ಮೇಲೆ ಸುಮ್ಮಸುಮ್ಮನೆ ಬೆರಳಾಡಿಸಿದಳು, ಟೀವಿಯ ಮೇಲೆ ಫೋಟೊಗಳು ಹಿಂದಕ್ಕೂ ಮುಂದಕ್ಕೂ ಜಾರಿದವು.

ಆಗ ಮೌನಿಕಾ ಇದ್ದ ಫೋಟೊ ಬಂತು. ಕಡುಗೆಂಪು ಸ್ವೆಟರು, ಕಿವಿಗೆ ಮಫ್ಲರು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಮೂರೇ ಮೂರು. ಮೂರರಲ್ಲೂ ಅದೇ ಸ್ವೆಟರು, ಅದೇ ಮಫ್ಲರು, ಮೂಲೆಯಲ್ಲಿ ಅದೇ ಸೂಟ್‌ಕೇಸುಗಳ ಸಾಲು, ಬಾಗಿಲು ತೆರೆದು ನಿಂತ ಬಸ್ಸು. ಪವಿತ್ರ ಮುಂದಕ್ಕೆ ಬಾಗಿದಳು. ಅವಳು ಎಷ್ಟೋ ವಿಡಿಯೊ ನೋಡಿ ಪಳಗಿದ್ದಳು. ಇದು ವಾಪಸು ಹೊರಡುವ ದಿನ, ಒಂದೇ ಜಾಗದಲ್ಲಿ, ಐದು ನಿಮಿಷದಲ್ಲಿ ತೆಗೆದದ್ದು. ಹಾಗಾದರೆ ಉಳಿದ ದಿನ ಇವಳೆಲ್ಲಿದ್ದಳು? ಇವಳು ಏನನ್ನೂ ನೋಡಿಲ್ಲ. ಹುಂಜವನ್ನಷ್ಟೇ ಅಲ್ಲ, ಏನನ್ನೂ ನೋಡಿಲ್ಲ.

ಒಂದು ಮಾತು ಸಾಕಿತ್ತು. ಆ ಮಾತು ಅವಳ ನಾಲಿಗೆಯ ತುದಿಗೆ ಬಂದೂ ಇತ್ತು. ಅವಳಿಗಿಂತ ಮುಂಚೆ ಗಂಗುಲಮ್ಮ, ಮನಸ್ಸಲ್ಲಿ ಏನೂ ಇಲ್ಲದೆ, ಎಲೆಯಡಿಕೆ ಮಡಿಸುತ್ತ ಕೇಳಿದಳು.

“ಅಲ್ಲ ಕಣಮ್ಮ, ಅಷ್ಟು ದಿನಕ್ಕೂ ಅದೊಂದೇ ಸ್ವೆಟರಾ?”

ಮೌನಿಕಾ ಗಂಗುಲಮ್ಮನ ಕಡೆ ನೋಡಲಿಲ್ಲ. ಪವಿತ್ರಳನ್ನು ನೋಡಿದಳು. ಆ ನೋಟ ಪವಿತ್ರಳಿಗೆ ಪರಿಚಯದ್ದು. ಟಿಕೆಟ್ ಕೈತಪ್ಪಿದ ವಾರ, ನಲ್ಲಿಯ ಹತ್ತಿರ ಕೊಡ ಹಿಡಿದು, ಇನ್ಯಾರು ಏನು ಕೇಳುತ್ತಾರೋ ಎಂದು ಅವಳೇ ಹಾಗೆ ನೋಡುತ್ತ ನಿಂತಿದ್ದಳು.

“ಆ ಚಳೀಲಿ ಯಾರು ದಿನಕ್ಕೊಂದು ಬದಲಾಯಿಸ್ತಾರೆ ಗಂಗುಲಕ್ಕ,” ಎಂದಳು ಪವಿತ್ರ. “ಅಲ್ಲಿಯೋರೂ ಅಷ್ಟೇ, ಚಳಿಗಾಲಕ್ಕೆಲ್ಲ ಒಂದೇ ಕೋಟು. ಆ ಸೇತುವೆ ಹಾಕು ಮೌನಿಕಮ್ಮ, ಅದರ ಕತೆ ಹೇಳ್ತೀನಿ.”

ದೊಡ್ಡ ಮನಸ್ಸು ಮಾಡಿದಳು ಎಂದು ನೀವು ಹೊಗಳುವ ಮುಂಚೆ ಒಂದು ಮಾತು. ಕನಿಕರ ಬಂದದ್ದು ಒಂದು ಗಳಿಗೆಯಷ್ಟೇ. ಮಾತು ಶುರುವಾದ ಮೇಲೆ ಅವಳಿಗೆ ಮೌನಿಕಾ ನೆನಪಿರಲಿಲ್ಲ. ಅಷ್ಟು ದಿನ ಒಳಗೆ ತುಂಬಿಕೊಂಡ ಊರು ಅವಳ ಬಾಯಿಂದ ಹೊರಗೆ ಬರತೊಡಗಿತು. ಆ ಸೇತುವೆ ಕಟ್ಟುವಾಗ ಗಾರೆಗೆ ಮೊಟ್ಟೆ ಬೇಕೆಂದು ರಾಜ ಊರೂರಿಗೆ ಹೇಳಿಕಳಿಸಿದನಂತೆ; ಒಂದು ಊರಿನವರು ದಾರಿಯಲ್ಲಿ ಒಡೆದುಹೋದಾವೆಂದು ಮೊಟ್ಟೆಗಳನ್ನೆಲ್ಲ ಬೇಯಿಸಿ ಕಳಿಸಿದರಂತೆ. ಹೆಂಗಸರು ಬಿದ್ದು ಬಿದ್ದು ನಕ್ಕರು. “ನಮ್ಮೂರೋರೇ ಇರಬೇಕು ಕಣಮ್ಮ” ಎಂದಳು ಜ್ಯೋತಿಲಕ್ಷ್ಮಿ. ಪವಿತ್ರ ಅವರನ್ನು ಸೇತುವೆ ದಾಟಿಸಿ, ಏರು ಹತ್ತಿಸಿ, ಕೋಟೆಗೆ ಕರೆದೊಯ್ದಳು. ಚರ್ಚಿನ ಬಣ್ಣದ ಗಾಜಿನಿಂದ ಬಿಸಿಲು ಬಿದ್ದು ನೆಲವೆಲ್ಲ ರೇಷ್ಮೆ ಸೀರೆ ಹಾಸಿದ ಹಾಗೆ ಆಗುವುದನ್ನು ಹೇಳಿದಳು. ಕೋಟೆಯ ಮಗ್ಗುಲಿನ ಸಂದಿಯಲ್ಲಿ ನಮ್ಮ ಕೋಳಿಗೂಡಿನಷ್ಟೇ ಇರುವ ಪುಟ್ಟ ಪುಟ್ಟ ಮನೆಗಳನ್ನು ತೋರಿಸಿದಳು.

“ಹೋಗಿ ಬಂದಿರೋದು ಪವಿತ್ರಮ್ಮನೇ ಬಿಡು,” ಎಂದಳು ಗಂಗುಲಮ್ಮ.

ಆ ಮಾತಿಗಾಗಿಯೇ ಅಲ್ಲವೇ ಅವಳು ಇಷ್ಟೆಲ್ಲ ಮಾಡಿದ್ದು? ಸಿಕ್ಕಿತು. ಅವಳ ಮುಖ ಅರಳಿತು. ಹೆಂಗಸರು ಚಾಕೊಲೇಟು ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋದರು.

ಹಿತ್ತಲಲ್ಲಿ ಮೌನಿಕಾ ಪಾತ್ರೆ ತೊಳೆಯುತ್ತಿದ್ದಳು. ಯಾರೂ ಹೇಳಿರಲಿಲ್ಲ, ತಾನಾಗಿ ಕೂತಿದ್ದಳು. ಪವಿತ್ರ ಬಂದು ನಿಂತ ಮೇಲೂ ತಲೆಯೆತ್ತಲಿಲ್ಲ.

“ನಾನೇನೂ ನೋಡ್ಲಿಲ್ಲ ಅಕ್ಕ,” ಎಂದಳು. “ನಿಮಗೆ ಗೊತ್ತಾಯ್ತು, ಅಲ್ವಾ?”

“ಮೈ ಹುಷಾರಿರಲಿಲ್ವಾ?”

“ಹುಷಾರಾಗೇ ಇದ್ದೆ. ಅಲ್ಲಿ ಇಳಿದ ಮಾರನೇ ದಿನ ಶುಕ್ರವಾರ. ತಲೆಗೆ ನೀರು ಹಾಕ್ಕೊಂಡು ದೇವರ ಫೋಟೊಗೆ ಕೈ ಮುಗಿಯಣ ಅಂತ. ಅತ್ತೆ ಮನೆಯಿಂದ ಮಗ್ಗು ಕೊಟ್ಟಿದ್ರಲ್ಲ, ಅಲ್ಲಿ ಸಿಗಲ್ಲ ಅಂತ. ತೊಟ್ಟಿ ಒಳಗೇ ಇಳಿದು ಸ್ನಾನ ಮಾಡಬೇಕಂತೆ, ನಂಗೇನು ಗೊತ್ತು. ಕುಡಿಯೋ ನೀರಿನ ತೊಟ್ಟಿಯಷ್ಟು ಬೆಳ್ಳಗಿತ್ತು, ಅದರೊಳಗೆ ಕಾಲಿಡಕ್ಕೆ ಮನಸ್ಸೇ ಬರಲಿಲ್ಲ. ತುಂಬಿಸ್ಕೊಂಡು, ಆಚೆ ನಿಂತ್ಕೊಂಡು, ಮಗ್ಗಲ್ಲಿ ಮೊಗೆದು ಮೊಗೆದು ಸುರ್ಕೊಂಡೆ. ಆಮೇಲೆ ಬಚ್ಚಲು ತೊಳೆಯಣ ಅಂತ ಇನ್ನಷ್ಟು ಹುಯ್ದೆ.”

“ಹೂಂ?”

“ನೆಲದಲ್ಲಿ ನೀರು ಹೋಗಕ್ಕೆ ತೂಬೇ ಇಲ್ಲ ಅಕ್ಕ.”

ಪವಿತ್ರ ತುಟಿ ಬಿಗಿಹಿಡಿದಳು.

“ಬಾಗಿಲ ಕೆಳಗಿಂದ ರೂಮಿಗೆ ಹೋಯ್ತು. ರೂಮಲ್ಲಿ ಕಾರ್ಪೆಟ್ಟು. ಅದೆಲ್ಲ ಕುಡಿದು, ಕೆಳಗಿನ ರೂಮಿನ ತಾರಸಿಯಿಂದ ಸೋರಿ, ಕಂಪನಿ ಮ್ಯಾನೇಜರ್ ಮಲಗಿದ್ದ ಮಂಚದ ಮೇಲೇ ಬಿತ್ತಂತೆ.”

ಪವಿತ್ರ ತಡೆದುಕೊಳ್ಳಲಾರದೆ ಕಟ್ಟೆಯ ಮೇಲೆ ಕುಸಿದು ಕೂತು ನಕ್ಕಳು. ಇಷ್ಟು ದಿನದ ಉರಿಯೆಲ್ಲ ಆ ನಗುವಿನಲ್ಲಿ ಹೊರಗೆ ಬಂತು, ಕಣ್ಣಲ್ಲಿ ನೀರು ಬಂತು. ಮೌನಿಕಾಳೂ ನಗಲು ಹೋದಳು. ಆದರೆ ನಗು ಅರ್ಧದಲ್ಲೇ ನಿಂತು, ಬಾಯಿ ಸೊಟ್ಟಗಾಯಿತು.

“ಎಲ್ಲರ ಮುಂದೆ ಮಾನ ಕಳೆದೆ, ಇನ್ನು ರೂಮ್ ಬಿಟ್ಟು ಕದಲಬೇಡ ಅಂದ್ರು ಅಕ್ಕ ಇವರು. ಇವರು ದಿನಾ ಬಸ್ಸು ಹತ್ತಿ ಹೋಗೋರು, ನಾನು ಕಿಟಕೀಲಿ ಕೂತಿರ್ತಿದ್ದೆ. ಹೊರಡೋ ದಿನ ಗೌರಿಬಿದನೂರಿನ ಅಂಗಡಿಯೋರ ಹೆಂಡ್ತಿ ಒಬ್ಬರು ಕೈ ಹಿಡಿದು ಎಳ್ಕೊಂಡು ಹೋಗಿ ಆ ಮೂರು ಫೋಟೊ ತೆಗೆದ್ರು. ನಿಮ್ಮ ಟಿಕೆಟ್ಟದು ಅಂತ ನಂಗೂ ಗೊತ್ತಿತ್ತು. ಅಲ್ಲಿ ಕೂತಾಗೆಲ್ಲ ಅದೇ ನೆನೆಸ್ಕೊಂಡೆ.”

ಪವಿತ್ರಳ ನಗು ಇಳಿಯಿತು. ಮೈದುನನಿಗೆ ನಾಲ್ಕು ಮಾತು ಅನ್ನಬೇಕು, ಅಣ್ಣನ ಮುಂದೆಯೇ ಅನ್ನಬೇಕು ಎಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಅದರ ಜೊತೆಗೇ, ಮುಚ್ಚಿಡುವುದೇಕೆ, ಒಂದು ದೊಡ್ಡ ಸಮಾಧಾನವೂ ಮೈಯೆಲ್ಲ ಹರಡುತ್ತಿತ್ತು. ಇವಳೂ ನೋಡಿಲ್ಲ. ಇಬ್ಬರೂ ಒಂದೇ. ಅವಳು ಮೌನಿಕಾಳ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಪಾತ್ರೆಗೆ ನೀರು ಹುಯ್ದುಕೊಟ್ಟಳು.

“ಬಿಡಮ್ಮ. ವಿಡಿಯೊದಲ್ಲೇ ಎಲ್ಲಾ ಕಾಣುತ್ತೆ. ನಾನು ತೋರಿಸ್ತೀನಿ.”

“ಒಂದು ಮಾತ್ರ ನೋಡಿದೆ ಅಕ್ಕ,” ಎಂದಳು ಮೌನಿಕಾ. “ಮೂರನೇ ದಿನ ಬೆಳಗ್ಗೆ ಮಂಜು ಬಿತ್ತು. ಎದುರಿಗೆ ಹಳೇ ಮನೆಗಳು, ಕೆಂಪು ಹೆಂಚು. ನೋಡ್ತಾ ನೋಡ್ತಾನೇ ಎಲ್ಲಾ ಬೆಳ್ಳಗಾಗೋಯ್ತು. ಕಿಟಕಿ ತೆಗೆದೆ. ಅಷ್ಟು ದಪ್ಪಗೆ ಬೀಳ್ತಾ ಐತೆ, ಮಳೆ ಥರ ಸದ್ದು ಬರಬೇಕು ಅಲ್ವಾ? ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದ ಮೇಲೆ ನಮ್ಮ ಹುಳು ಸೊಪ್ಪು ತಿನ್ನೋವಾಗ ಬರುತ್ತಲ್ಲ, ಅಷ್ಟಾದ್ರೂ ಬರುತ್ತೆ ಅಂತ ಕಿವಿ ಕೊಟ್ಟೆ. ಏನೂ ಇಲ್ಲ ಅಕ್ಕ. ಅಷ್ಟು ದೊಡ್ಡ ಊರು, ಒಂದು ಚೂರು ಸದ್ದಿಲ್ಲ.”

ಪವಿತ್ರಳ ಕೈಯಲ್ಲಿದ್ದ ಚೊಂಬು ನಿಂತಿತು. ಅವಳು ಮಂಜು ಬೀಳುವ ವಿಡಿಯೊಗಳನ್ನೂ ನೋಡಿದ್ದಳು, ಹತ್ತಿಪ್ಪತ್ತು ನೋಡಿದ್ದಳು. ಎಲ್ಲದಕ್ಕೂ ಯಾರೋ ಪಿಟೀಲು ಸೇರಿಸಿದ್ದರು, ಇಲ್ಲವೇ ಯಾರೋ ಮಾತಾಡುತ್ತಿದ್ದರು. ಸದ್ದಿಲ್ಲ ಎಂಬುದನ್ನು ಅವಳಿಗೆ ಯಾರೂ ತೋರಿಸಿರಲಿಲ್ಲ.

“ಏಳು,” ಎಂದಳು.

ಮೌನಿಕಾಳನ್ನು ಕೈ ಹಿಡಿದು ನಲ್ಲಿಯ ಹತ್ತಿರ ಕರೆದೊಯ್ದು, ಸೀಗೆಪುಡಿ ಹಾಕಿ ಅವಳ ಕುತ್ತಿಗೆ, ಮುಂಗೈ ಎಲ್ಲ ತಿಕ್ಕಿ ತೊಳೆದಳು. ತನ್ನದೊಂದು ಒಗೆದ ಸೀರೆ ಕೊಟ್ಟು ಉಡಿಸಿದಳು. ಕಾಲು ತೊಳೆಸಿ, ಹುಳುಮನೆಯೊಳಗೆ ಬಿಟ್ಟುಕೊಂಡು, ಬಾಗಿಲು ಮುಚ್ಚಿದಳು. ಒಂದು ವಾರದಿಂದ ಆ ಮನೆಯಲ್ಲಿ ಹಗಲೂ ಇರುಳೂ ಎಲೆ ತಿನ್ನುವ ಸದ್ದು ಜಡಿಮಳೆಯ ಹಾಗೆ ತುಂಬಿತ್ತು. ಈಗ ಹುಳುಗಳೆಲ್ಲ ಚಂದ್ರಿಕೆ ಹತ್ತಿದ್ದವು. ಬೆಳ್ಳನೆಯ ನೂಲು ಅಲ್ಲಲ್ಲಿ ತೆಳ್ಳಗೆ ಕಟ್ಟಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ನಿಂತರು.

“ಹಿಂಗಿತ್ತಾ?” ಎಂದು ಪವಿತ್ರ ಪಿಸುಗುಟ್ಟಿದಳು.

ಮೌನಿಕಾ ಕಣ್ಣು ಮುಚ್ಚಿ ಕೇಳಿದಳು. ಹೂಂ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಮಧ್ಯಾಹ್ನದಿಂದ ಎಷ್ಟೋ ಸುಳ್ಳು ಹೇಳಿದ್ದವಳು ಇದೊಂದನ್ನು ಹೇಳಲಾರದೆ ಹೋದಳು.

“ಇಲ್ಲ ಅಕ್ಕ. ಇದಕ್ಕಿಂತ ಕಡಿಮೆ.”

ಪವಿತ್ರಳ ಹೊಟ್ಟೆ ಮತ್ತೆ ಉರಿಯಿತು, ಈ ಸಲ ಗಡಿಯಾರಕ್ಕಲ್ಲ, ಸೇತುವೆಗಲ್ಲ. ಅವಳು ಮೌನಿಕಾಳ ಕೈ ಬಿಡಲಿಲ್ಲ. ಸೀರೆಯ ಕೆಳಗಿನ ಆ ಪಾಸ್‌ಪೋರ್ಟಿನ ಅವಧಿ ಮುಗಿಯಲು ಇನ್ನೂ ಒಂಬತ್ತು ವರ್ಷ ಬಾಕಿಯಿತ್ತು.